ನಿಮ್ಮ ಪೆನ್‌ಡ್ರೈವಿನಲ್ಲಿರುವುದು ಕನ್ನಡವೇ?

ಒಂದು ಸಣ್ಣ ಪರೀಕ್ಷೆ. ನಿಮ್ಮ ಬ್ಯಾಗಿನಲ್ಲೋ ಬೀಗದ ಗೊಂಚಲಿನಲ್ಲೋ ನೇತಾಡುತ್ತಿರುವ ಪೆನ್‌ಡ್ರೈವನ್ನು ತೆಗೆದು ಯಾವುದಾದರೂ ಕಂಪ್ಯೂಟರಿಗೆ ಚುಚ್ಚಿ. ನಿಮ್ಮ ಸ್ವಂತದ್ದು ಬೇಡ. ಪಕ್ಕದ ಮನೆಯದೋ, ಕಾಲೇಜಿನದೋ, ಜೆರಾಕ್ಸ್ ಅಂಗಡಿಯದೋ ಆಗಬೇಕು. ಅದರಲ್ಲಿ ನೀವು ಕನ್ನಡದಲ್ಲಿ ಟೈಪು ಮಾಡಿಟ್ಟ ಫೈಲೊಂದನ್ನು ತೆರೆಯಿರಿ. ಕನ್ನಡ ಕಂಡರೆ ಸಂತೋಷ, ಮುಂದಿನ ಪುಟ ತಿರುಗಿಸಿ ಸಿನಿಮಾ ಸುದ್ದಿ ಓದಿಕೊಳ್ಳಿ. ಕಾಣದಿದ್ದರೆ ಈ ಮಾತು ನಿಮಗೇ.

ನಾನು ವೇದಿಕೆ ಹತ್ತಿ ಮಾತಾಡುವವನಲ್ಲ. ಪಿಯುಸಿ ಮುಗಿಸಿ ಅಪ್ಪನ ಅಚ್ಚುಕೂಟಕ್ಕೆ ಇಳಿದವನು. ಕೈಯಲ್ಲಿ ಮೊಳೆ ಜೋಡಿಸಿ ಟ್ರೆಡಲ್ ತುಳಿಯುವುದನ್ನು ಕಣ್ಣಾರೆ ಕಂಡ ಕೊನೆಯ ತಲೆಮಾರಿನವನು. ಚಾಮರಾಜಪೇಟೆಯ ಗಲ್ಲಿಯೊಂದರಲ್ಲಿ ನನ್ನದೊಂದು ಸಣ್ಣ ಆಫ್‌ಸೆಟ್ ಪ್ರೆಸ್ಸು. ಮದುವೆ ಕಾರ್ಡು, ಬಿಲ್ ಪುಸ್ತಕ, ಸ್ಮರಣ ಸಂಚಿಕೆ, ಕರಪತ್ರ, ಶ್ರದ್ಧಾಂಜಲಿ... ಇವೇ ನಮ್ಮ ಅನ್ನ. ಇವೆಲ್ಲ ನನ್ನ ಮೇಜಿನ ಮೇಲೆ ಬಂದು ಬೀಳುವುದು ಪೆನ್‌ಡ್ರೈವಿನಲ್ಲೇ. ದಿನಕ್ಕೆ ಹತ್ತು ಹದಿನೈದು ಜನರ ಪೆನ್‌ಡ್ರೈವ್ ತೆರೆಯುವವನು ನಾನು. ಕನ್ನಡಿಗರ ಹೊಟ್ಟೆಯೊಳಗೆ ಏನಿದೆ ಅಂತ ಡಾಕ್ಟರಿಗೆ ಗೊತ್ತಿರುವ ಹಾಗೆ, ಕನ್ನಡಿಗರ ಪೆನ್‌ಡ್ರೈವಿನೊಳಗೆ ಏನಿದೆ ಅಂತ ನಮ್ಮಂಥವರಿಗೆ ಗೊತ್ತು.

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಸಾಕು, ಹೆಗಲ ಮೇಲೆ ಕೆಂಪು ಹಳದಿ ಶಾಲು ಹಾಕಿಕೊಂಡ ಹುಡುಗರ ದಂಡು. “ಅಣ್ಣಾ, ನಾಳೆ ಬೆಳಗ್ಗೆಗೆ ಎರಡು ಸಾವಿರ ಕರಪತ್ರ ಬೇಕೇ ಬೇಕು.” ರಾಜ್ಯೋತ್ಸವ ನವೆಂಬರ್ ಒಂದಕ್ಕೆ ಬರುತ್ತದೆ ಅಂತ ಇವರಿಗೆ ಗೊತ್ತಾಗುವುದೇ ಅಕ್ಟೋಬರ್ ಮೂವತ್ತಕ್ಕೆ! ಇರಲಿ. ಪೆನ್‌ಡ್ರೈವ್ ಚುಚ್ಚುತ್ತೇನೆ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ‘ಫೈನಲ್ ಫೈನಲ್ ನ್ಯೂ ಟೂ’. ತೆರೆದರೆ ಪರದೆಯ ತುಂಬ ಕಾಗೆ ಕಾಲು ಗುಬ್ಬಿ ಕಾಲು. “ಅಣ್ಣಾ, ವೈರಸ್ ಬಂದಿದೆ” ಅಂತಾನೆ ಹುಡುಗ.

ವೈರಸ್ಸೂ ಅಲ್ಲ, ಮಣ್ಣೂ ಅಲ್ಲ. ಆ ಕಾಗೆ ಕಾಲನ್ನು ಸ್ವಲ್ಪ ಗಮನವಿಟ್ಟು ನೋಡಿ. ‘ಕನ್ನಡ’ ಎಂದು ನುಡಿಯಲ್ಲೋ ಬರಹದಲ್ಲೋ ಹಳೆಯ ಪದ್ಧತಿಯಲ್ಲಿ ಟೈಪು ಮಾಡಿದ ಪದ ಅಲ್ಲಿ ಹೇಗೆ ಕಾಣುತ್ತದೆ ಗೊತ್ತೇ? ಮೊದಲು ಇಂಗ್ಲಿಷಿನ ಪಿ. ಅದರ ಪಕ್ಕ ತಲೆಯ ಮೇಲೆ ಗೀಟಿರುವ ಎ. ಆಮೇಲೆ ಬ್ರಿಟಿಷರ ಪೌಂಡ್ ನಾಣ್ಯದ ಗುರುತು. ಮತ್ತೆ ಗೀಟಿನ ಎ. ಆಮೇಲೆ ಜರ್ಮನ್ ಭಾಷೆಯ ಒಂದಕ್ಷರ. ಒಂದು ಕ್ಯೂ. ಕೊನೆಗೆ ಮತ್ತೊಂದು ಗೀಟಿನ ಎ. ನಾಡು ನುಡಿಗಾಗಿ ಪ್ರಾಣ ಕೊಡುತ್ತೇವೆ ಎನ್ನುವ ಕರಪತ್ರದ ಹೊಟ್ಟೆಯೊಳಗೆ ಒಂದೇ ಒಂದು ಕನ್ನಡ ಅಕ್ಷರವಿಲ್ಲ. ನಕಾರ ಬಂದಲ್ಲೆಲ್ಲ ಇಂಗ್ಲೆಂಡಿನ ಪೌಂಡು ಕೂತಿದೆ!

ಇದು ಹೇಗೆ ಅಂತ ತಿಳಿಯಬೇಕು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹಳೆಯ ಪದ್ಧತಿಯಲ್ಲಿ ಒಂದು ಫಾಂಟಿಗೆ ಸಿಗುತ್ತಿದ್ದದ್ದು ಬರೀ 256 ಮನೆ. ಆ ಮನೆಗಳೆಲ್ಲ ಇಂಗ್ಲಿಷಿಗೂ ಯುರೋಪಿನ ಭಾಷೆಗಳಿಗೂ ಹಂಚಿಹೋಗಿದ್ದವು. ನಮ್ಮವರು ಏನು ಮಾಡಿದರು? ಪಿ ಇದ್ದ ಮನೆಯಲ್ಲಿ ಕಕಾರದ ಚಿತ್ರ ಕೂರಿಸಿದರು, ಪೌಂಡ್ ಇದ್ದ ಮನೆಯಲ್ಲಿ ನಕಾರದ ಚಿತ್ರ ಕೂರಿಸಿದರು. ಬಯಲಾಟದಲ್ಲಿ ವೇಷ ಕಟ್ಟಿದ ಹಾಗೆ. ಫಾಂಟ್ ಇದ್ದರೆ ರಾಮ, ಫಾಂಟ್ ಕಳಚಿದರೆ ಬಣ್ಣದ ಹಿಂದಿನ ಮುಖ. ಆ ವೇಷವೂ ಎಲ್ಲ ಕಡೆ ಒಂದೇ ಅಲ್ಲ. ನುಡಿ, ಬರಹಗಳದು ಹೆಚ್ಚುಕಡಿಮೆ ಒಂದೇ ಕಟ್ಟು. ಶ್ರೀಲಿಪಿಯದೇ ಬೇರೆ, ಆಕೃತಿಯದೇ ಬೇರೆ. ಒಬ್ಬರ ಫೈಲಿಗೆ ಇನ್ನೊಬ್ಬರ ಫಾಂಟ್ ಹಾಕಿದರೆ ರಾಮನ ಮೈಗೆ ರಾವಣನ ತಲೆ.

ಹಾಗಂತ ಆ ಕೆಲಸ ಮಾಡಿದವರನ್ನು ಬೈದರೆ ನಾಲಿಗೆಗೆ ಹುಳ ಬೀಳುತ್ತದೆ. ಕೆ.ಪಿ. ರಾಯರು ಇಪ್ಪತ್ತಾರು ಕೀಲಿಯ ಇಂಗ್ಲಿಷ್ ಕೀಲಿಮಣೆಯ ಮೇಲೆ ಇಡೀ ಕನ್ನಡ ವರ್ಣಮಾಲೆಯನ್ನು ಕೂರಿಸಿದ ಜಾಣ್ಮೆ ಸಣ್ಣದಲ್ಲ. ಶೇಷಾದ್ರಿ ವಾಸು 1998ರಲ್ಲಿ ‘ಬರಹ’ವನ್ನು ಪುಕ್ಕಟೆ ಹಂಚಿದರು. ಕನ್ನಡ ಗಣಕ ಪರಿಷತ್ತು ‘ನುಡಿ’ ತಂದುಕೊಟ್ಟಿತು. ಇವರಿಲ್ಲದಿದ್ದರೆ ನಮ್ಮ ಪ್ರೆಸ್ಸುಗಳಲ್ಲಿ ಕನ್ನಡದ ಡಿಟಿಪಿಯೇ ಇಷ್ಟು ಹರಡುತ್ತಿರಲಿಲ್ಲ. ಆಗ ಬೇರೆ ದಾರಿಯೂ ಇರಲಿಲ್ಲ. ಯೂನಿಕೋಡ್ ಎನ್ನುವ ಜಗತ್ತಿನ ಪಟ್ಟಿಯಲ್ಲಿ 1991ರಲ್ಲೇ ಕನ್ನಡಕ್ಕೆ ಸ್ವಂತ ಮನೆಗಳು ಸಿಕ್ಕಿದ್ದವು, ನಿಜ. ಆದರೆ ವಿಂಡೋಸ್ ಅದನ್ನು ಕನ್ನಡಕ್ಕೆ ಓದಲು ಕಲಿತದ್ದು 2001ರ ಎಕ್ಸ್‌ಪಿಯಲ್ಲಿ. ಅದರಲ್ಲೂ ಸಿ.ಡಿ. ಹಾಕಿ, ಎಲ್ಲೋ ಮೂಲೆಯಲ್ಲಿದ್ದ ಚೌಕಕ್ಕೆ ಟಿಕ್ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆ ಕಾಲ ಮುಗಿದು ಎರಡು ದಶಕ ದಾಟಿತು ಸ್ವಾಮಿ. 2012ರಲ್ಲಿ ರಾಜ್ಯ ಸರ್ಕಾರವೇ ಯೂನಿಕೋಡನ್ನು ಒಪ್ಪಿ ಆದೇಶ ಹೊರಡಿಸಿತು. ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲಿ ನೀವು ಗೆಳತಿಗೆ ಕಳಿಸುವ ಮೆಸೇಜೂ ಯೂನಿಕೋಡೇ. ಆದರೂ ನನ್ನ ಮೇಜಿಗೆ ಬರುವ ಕನ್ನಡದ ಫೈಲುಗಳಲ್ಲಿ ಅರ್ಧಕ್ಕರ್ಧ ಇನ್ನೂ ವೇಷಧಾರಿಗಳೇ!

ಈಗ ನೀವು ಕೇಳುತ್ತೀರಿ, “ಈ ಕಾಲದಲ್ಲಿ ಪೆನ್‌ಡ್ರೈವ್ ಯಾರಣ್ಣ ಬಳಸ್ತಾರೆ? ಎಲ್ಲ ಕ್ಲೌಡು, ಎಲ್ಲ ವಾಟ್ಸಪ್ಪು” ಅಂತ. ಬಳಸುವವರು ನನ್ನ ಅಂಗಡಿಗೆ ಬಂದು ನೋಡಿ. ವಾಟ್ಸಪ್ಪಿನಲ್ಲಿ ಸುಮ್ಮನೆ ಕಳಿಸಿದ ಫೋಟೋ ಕುಗ್ಗಿ ಬರುತ್ತದೆ. ಅದನ್ನು ಕಾರ್ಡಿನ ಮೇಲೆ ಅಚ್ಚು ಹಾಕಿದರೆ ಮದುಮಗಳ ಮುಖ ಮೊಸರು ಕಲಸಿದ ಹಾಗೆ. ಫ್ಲೆಕ್ಸಿನ ಫೈಲು ನೂರಾರು ಎಂ.ಬಿ. ಇರುತ್ತದೆ, ಪ್ಲೇಟು ಹೊಡೆಸಲು ಇನ್ನೊಬ್ಬರ ಸಿಟಿಪಿ ಯಂತ್ರಕ್ಕೆ ಓಡಬೇಕು. ನಮ್ಮಲ್ಲಿ ಅನೇಕರು ಪೇಜು ಕಟ್ಟುವ ಕಂಪ್ಯೂಟರಿಗೆ ಇಂಟರ್‌ನೆಟ್ಟೇ ಕೊಟ್ಟಿಲ್ಲ, ಬೇಕೆಂದೇ ಕೊಟ್ಟಿಲ್ಲ. ಅಲ್ಲಿಗೆ ಹೋಗಬೇಕಾದರೆ ಇದೇ ಕಡ್ಡಿ ಬೇಕು. ನಮ್ಮ ಬೈಂಡಿಂಗ್ ಹುಡುಗ ಪೆನ್‌ಡ್ರೈವಿಗೆ ಕಡ್ಡಿ ಅಂತಲೇ ಅನ್ನುವುದು. “ಸಾರ್, ಆ ಕೆಂಪು ಕಡ್ಡಿಯವರು ಬಂದವ್ರೆ.” ಪೆನ್‌ಡ್ರೈವಿಗೆ ಕನ್ನಡ ಪದ ಯಾವುದು ಅಂತ ಸಭೆ ಸೇರಿಸಿ ಜಗಳವಾಡುವವರು ಇವನ ಹತ್ತಿರ ಬಂದು ಕಲಿಯಬಹುದು. ನನಗಂತೂ ಹೆಸರಿನ ಚಿಂತೆಯಿಲ್ಲ, ಒಳಗಿರುವುದರದ್ದೇ ಚಿಂತೆ.

ಈ ಕಡ್ಡಿ ಹುಟ್ಟಿ ಕಾಲು ಶತಮಾನ. 2000ದ ಕೊನೆಗೆ ಮಾರುಕಟ್ಟೆಗೆ ಬಂದಾಗ ಅದರ ಹೊಟ್ಟೆ 8 ಎಂ.ಬಿ. ಇವತ್ತಿನ ಒಂದು ಒಳ್ಳೆ ಫೋಟೋಗೂ ಸಾಲದು. ಆದರೆ ಆಗ ಅದು ಐದೂವರೆ ಫ್ಲಾಪಿಗೆ ಸಮ, ಒಂದು ಫ್ಲಾಪಿ ಹಿಡಿಯುತ್ತಿದ್ದದ್ದು 1.44 ಎಂ.ಬಿ. ಫ್ಲಾಪಿಯ ಕಾಲ ಕಂಡವರಿಗೆ ಗೊತ್ತು. ಸ್ಮರಣ ಸಂಚಿಕೆಯೊಂದನ್ನು ತರಲು ಸಾಬೂನಿನ ಡಬ್ಬಿಯ ತುಂಬ ಫ್ಲಾಪಿ ತರುತ್ತಿದ್ದರು. ಹತ್ತರಲ್ಲಿ ಏಳನೆಯದು ಓದುತ್ತಿರಲಿಲ್ಲ, ಅಧ್ಯಕ್ಷರ ನುಡಿ ಯಾವಾಗಲೂ ಅದರಲ್ಲೇ ಇರುತ್ತಿತ್ತು. ನಾನು ಮೊದಲ ಪೆನ್‌ಡ್ರೈವ್ ಕೊಂಡಾಗ 128 ಎಂ.ಬಿ.ಗೆ ಸಾವಿರ ರೂಪಾಯಿಗೂ ಮೇಲೆ ಕೊಟ್ಟೆ. ಕೊರಳಿಗೆ ಹಾಕಿಕೊಂಡು ಓಡಾಡಿದೆ. ಮಾಂಗಲ್ಯದಂತೆ!

ಅದರ ಕಾಟಗಳೂ ಕಡಿಮೆಯಲ್ಲ. ಮೂರು ಸಲ ತಿರುಗಿಸಿದ ಮೇಲೇ ಅದು ತೂತಿಗೆ ಹೋಗುವುದು, ಇದು ಜಗತ್ತಿಗೇ ಗೊತ್ತಿರುವ ಮಾತು. 16 ಜಿಬಿ ಅಂತ ಬರೆದಿದೆ, ಕಂಪ್ಯೂಟರು 14.9 ಅಂತ ತೋರಿಸುತ್ತದೆ, ಅಂಗಡಿಯವನು ಮೋಸ ಮಾಡಿದ ಅಂತ ಜಗಳಕ್ಕೆ ಹೋಗುವವರಿದ್ದಾರೆ. ಅದು ಮೋಸವಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ನಿಜವಾದ ಮೋಸ ಬೇರೆ ಇದೆ. ಫುಟ್‌ಪಾತಿನಲ್ಲೂ ಆನ್‌ಲೈನಿನಲ್ಲೂ ಐನೂರು ರೂಪಾಯಿಗೆ 2 ಟಿಬಿ ಅಂತ ಮಾರುತ್ತಾರಲ್ಲ, ಅದು. ಒಳಗಿರುವುದು ಎಂಟೋ ಹದಿನಾರೋ ಜಿಬಿ. ಅದರೊಳಗಿನ ಚಿಪ್ಪಿಗೆ ಸುಳ್ಳು ಹೇಳುವುದನ್ನು ಕಲಿಸಿರುತ್ತಾರೆ. ಅಷ್ಟು ತುಂಬುವವರೆಗೆ ಸರಿ. ಆಮೇಲೆ ಹಾಕಿದ್ದೆಲ್ಲ ಹೆಸರು ಮಾತ್ರ ಕಾಣುತ್ತದೆ, ತೆರೆದರೆ ಒಳಗೆ ಏನೂ ಇಲ್ಲ. ಮದುವೆಯ ವಿಡಿಯೋ ಇಡೀ ಹಾಗೆ ಕಳೆದುಕೊಂಡ ದಂಪತಿಯನ್ನು ನಾನೇ ಕಂಡಿದ್ದೇನೆ. ಪುಕ್ಕಟೆ ಪರೀಕ್ಷಿಸುವ ತಂತ್ರಾಂಶಗಳಿವೆ. ಕೊಂಡ ದಿನವೇ ಪೂರ್ತಿ ತುಂಬಿ, ಓದಿ ನೋಡಿ.

ಇನ್ನು ವೈರಸ್. 2010ರ ಆಸುಪಾಸಿನಲ್ಲಿ ನಮ್ಮ ಅಚ್ಚುಕೂಟಗಳಿಗೆ ಪೆನ್‌ಡ್ರೈವೆಂದರೆ ಪ್ಲೇಗಿನ ಇಲಿ. ಚುಚ್ಚಿದ ಕೂಡಲೇ ತಾನಾಗಿ ಓಡುತ್ತಿದ್ದವು. 2011ರಲ್ಲಿ ಮೈಕ್ರೋಸಾಫ್ಟ್ ಆ ತಾನಾಗಿ ಓಡುವ ಬಾಗಿಲನ್ನು ಹಳೆಯ ವಿಂಡೋಸಿಗೂ ಮುಚ್ಚಿತು. ಆದರೆ ಶಾರ್ಟ್‌ಕಟ್ ವೈರಸ್ ಇನ್ನೂ ಸತ್ತಿಲ್ಲ. ನಿಮ್ಮ ಫೋಲ್ಡರುಗಳೆಲ್ಲ ಮಾಯವಾಗಿ ಅದೇ ಹೆಸರಿನ ಬಾಣದ ಗುರುತಿನವು ಕಂಡರೆ ಹೆದರಿ ಫಾರ್ಮ್ಯಾಟ್ ಮಾಡಬೇಡಿ. ಫೈಲುಗಳು ಅಲ್ಲೇ ಅಡಗಿ ಕೂತಿರುತ್ತವೆ. ಗೊತ್ತಿದ್ದವರ ಹತ್ತಿರ ತಂದರೆ ಐದು ನಿಮಿಷದ ಕೆಲಸ.

ಇನ್ನೊಂದು ಮಾತು ಹೇಳಲೇಬೇಕು. ಜನ ಕರಪತ್ರ ಅಚ್ಚು ಹಾಕಿಸಲು ತರುವ ಕಡ್ಡಿಯಲ್ಲಿ ಅವರ ಜಾತಕವೇ ಇರುತ್ತದೆ. ಆಧಾರ್, ಅಂಕಪಟ್ಟಿ, ಹೆಂಡತಿಯ ಸ್ಕ್ಯಾನಿಂಗ್ ವರದಿ, ಮನೆಯ ಫೋಟೋಗಳು. ಕೊಟ್ಟು “ಸಂಜೆ ಬರ್ತೀನಿ” ಅಂತ ಹೋಗಿಬಿಡುತ್ತಾರೆ. 2024ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಹಾಸನದ ಬೀದಿಗಳಲ್ಲಿ ಪೆನ್‌ಡ್ರೈವುಗಳು ಹರಿದಾಡಿದ್ದನ್ನು ನಾಡೆಲ್ಲ ಕಂಡಿತು. ತಪ್ಪು ಮಾಡಿದವನ ವಿಚಾರ ಕೋರ್ಟಿನದು. ಆದರೆ ಆ ಕಡ್ಡಿಯನ್ನು ನಕಲು ಮಾಡಿ ಮಾಡಿ ಹಂಚಿದವರು, ನೊಂದ ಹೆಣ್ಣುಮಕ್ಕಳ ಮಾನವನ್ನು ಜೇಬಿನಲ್ಲಿಟ್ಟುಕೊಂಡು ಚಪ್ಪರಿಸಿದವರು ಎಷ್ಟು ಜನ? ಅಚ್ಚಿಗೆ ಬೇಕಾದ ಫೈಲಿಗೇ ಒಂದು ಬೇರೆ ಕಡ್ಡಿ ಇಟ್ಟುಕೊಳ್ಳಿ. ಈಗ ಅದರ ಬೆಲೆ ಒಂದು ಸಿನಿಮಾ ಟಿಕೆಟ್ಟಿನಷ್ಟು.

ಮತ್ತೆ ಕನ್ನಡಕ್ಕೆ ಬರೋಣ. ಫೈಲು ಕಾಣದಿದ್ದರೆ ಫಾಂಟ್ ಹಾಕಿಕೊಂಡರಾಯಿತು, ಇಷ್ಟಕ್ಕೆ ಯಾಕೆ ಇಷ್ಟು ರಂಪ ಅಂತ ನಮ್ಮ ಡಿಟಿಪಿ ಬಂಧುಗಳೇ ಕೇಳುತ್ತಾರೆ. ಅವರಿಗೆ ಒಂದು ಘಟನೆ ಹೇಳುತ್ತೇನೆ.

ಮೊನ್ನೆ ಮೊನ್ನೆ ಒಬ್ಬ ಹುಡುಗಿ ತಮ್ಮನ ಕೈ ಹಿಡಿದುಕೊಂಡು ಪ್ರೆಸ್ಸಿನ ಮೆಟ್ಟಿಲು ಹತ್ತಿ ಬಂದಳು. ಬಿ.ಎ. ಓದುತ್ತಿದ್ದಾಳೆ. ಕಣ್ಣು ಕಾಣುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಓದಿ ಹೇಳುವ ತಂತ್ರಾಂಶವಿದೆ. ಎನ್‌ವಿಡಿಎ ಅಂತ, ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಕಾಲೇಜಿನ ಮೇಷ್ಟ್ರು ಕನ್ನಡ ಐಚ್ಛಿಕದ ನೋಟ್ಸನ್ನು ಎಲ್ಲರಿಗೂ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದಾರೆ. ಇವಳಿಗೂ ಕೊಟ್ಟಿದ್ದಾರೆ. ಒಳ್ಳೆಯ ಮೇಷ್ಟ್ರೇ ಇರಬೇಕು, ಶ್ರಮಪಟ್ಟು ಐದು ಘಟಕವನ್ನೂ ಟೈಪು ಮಾಡಿದ್ದಾರೆ.

“ಸಾರ್, ಇದು ಏನು ಓದ್ತಿದೆ ಕೇಳಿ” ಅಂತ ಅವಳು ಲ್ಯಾಪ್‌ಟಾಪ್ ತೆರೆದು ಗುಂಡಿ ಒತ್ತಿದಳು. ಆ ಯಂತ್ರದ ದನಿ ಪಿ, ಎ, ಪೌಂಡ್, ಕ್ಯೂ ಅಂತ ಏನೇನೋ ಒದರತೊಡಗಿತು. ಮೆಷಿನ್ ನಿಲ್ಲಿಸಿ ನಮ್ಮ ಹುಡುಗರೂ ಬಂದು ಕೇಳಿದರು. ಮೊದಲು ನಕ್ಕರು. ಆಮೇಲೆ ನಗಲಿಲ್ಲ. ಪಂಪ, ರನ್ನ, ಕುಮಾರವ್ಯಾಸರ ಬಗ್ಗೆ ಬರೆದ ನೋಟ್ಸು ಅದು. ಕಣ್ಣಿದ್ದವರಿಗೆ ಕನ್ನಡ. ಅವಳಿಗೆ ಪೌಂಡ್, ಪೌಂಡ್, ಪೌಂಡ್!

ಮೇಷ್ಟ್ರಿಗೆ ಹೇಳಲಿಲ್ಲವೇನಮ್ಮ ಅಂದೆ. “ಹೇಳಿದೆ ಸಾರ್. ಎಲ್ಲರಿಗೂ ಸರಿಯಾಗಿ ಕಾಣ್ತಿದೆಯಲ್ಲ, ನಿನಗೊಬ್ಬಳಿಗೇ ಏನು ಪ್ರಾಬ್ಲಂ ಅಂದ್ರು.”

ಫಾಂಟ್ ಹಾಕಿಕೊಂಡರಾಯಿತು ಅನ್ನುವ ನಮ್ಮ ಬಂಧುಗಳು ಈಗ ಹೇಳಲಿ, ಅವಳು ಯಾವ ಫಾಂಟ್ ಹಾಕಿಕೊಳ್ಳಬೇಕು? ಚಿತ್ರ ಬದಲಾಯಿಸಿದರೆ ಕಿವಿಗೆ ಏನು ಕೇಳಿಸುತ್ತದೆ? ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಓದಲು ಬರುವ ರೂಪದಲ್ಲಿ ಪಾಠ ಕೊಡಬೇಕು ಅಂತ ಕಾನೂನಿದೆ. ಕನ್ನಡದಲ್ಲಿ ಓದುತ್ತೇನೆ ಅಂತ ಹಟ ಹಿಡಿದ ಹುಡುಗಿಗೆ ಕನ್ನಡದ ಫೈಲೇ ಅಡ್ಡ ನಿಂತರೆ ಅವಳು ಮುಂದಿನ ವರ್ಷ ಏನು ಮಾಡುತ್ತಾಳೆ? ಇಂಗ್ಲಿಷ್ ಐಚ್ಛಿಕ ತೆಗೆದುಕೊಳ್ಳುತ್ತಾಳೆ. ಇಂಗ್ಲಿಷಿನ ನೋಟ್ಸು ಅವಳ ಯಂತ್ರಕ್ಕೆ ತಪ್ಪಿಲ್ಲದೆ ಓದಲು ಬರುತ್ತದಲ್ಲ! ಕನ್ನಡವನ್ನು ಯಾರೂ ಕತ್ತು ಹಿಸುಕಿ ಕೊಲ್ಲಬೇಕಾಗಿಲ್ಲ ತಮ್ಮಂದಿರೇ, ಹೀಗೆ ಒಂದೊಂದೇ ಕಡ್ಡಿಯಲ್ಲಿ ಸೋರಿಹೋಗುತ್ತದೆ.

ಆ ನೋಟ್ಸನ್ನು ಯೂನಿಕೋಡಿಗೆ ತಿರುಗಿಸಿಕೊಟ್ಟೆವು. ಹೇಗೆ ಅಂತ ಹೇಳುತ್ತೇನೆ, ನಿಮಗೂ ಉಪಯೋಗವಾದೀತು. ಕನ್ನಡದ ಹುಡುಗರೇ ಬರೆದ ಪರಿವರ್ತಕಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಕಡೆ ಹಳೆಯದನ್ನು ಅಂಟಿಸಿದರೆ ಇನ್ನೊಂದು ಕಡೆ ಯೂನಿಕೋಡ್ ಬರುತ್ತದೆ. ಆದರೆ ಕಣ್ಣು ಮುಚ್ಚಿ ನಂಬಬಾರದು. ‘ಕರ್ಮ’ ಎನ್ನುವ ಪದ ನೋಡಿ. ಬಾಯಲ್ಲಿ ರಕಾರ ಮೊದಲು, ಮಕಾರ ಆಮೇಲೆ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಚಿತ್ರವಾಗಿ ಮಕಾರದ ನಂತರ ಕೂತಿರುತ್ತದೆ. ಯಂತ್ರ ಅದನ್ನು ಎತ್ತಿ ಮುಂದೆ ತಂದು ಕೂರಿಸಬೇಕು. ಎರಡು ಒತ್ತು ಬಂದ ಕಡೆ, ನಡುವೆ ಇಂಗ್ಲಿಷ್ ಪದ ಸೇರಿದ ಕಡೆ ಅದು ಎಡವುತ್ತದೆ. ನಡುವೆ ಇಂಗ್ಲಿಷ್ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಕಿಚಡಿ ಮಾಡಿಬಿಡುತ್ತದೆ. ಹಾಗಾಗಿ ಒಬ್ಬರು ಕೂತು ಕರಡು ತಿದ್ದಬೇಕು. ಐದು ಘಟಕಕ್ಕೆ ನಮಗೆ ಎರಡು ಸಂಜೆ ಹಿಡಿಯಿತು. ಮೇಷ್ಟ್ರು ಮೊದಲೇ ಯೂನಿಕೋಡಿನಲ್ಲಿ ಟೈಪು ಮಾಡಿದ್ದರೆ ಒಂದು ನಿಮಿಷವೂ ಬೇಕಿರಲಿಲ್ಲ. ಅದೇ ನುಡಿ, ಅದೇ ಬರಹ, ಅದೇ ಕೀಲಿಮಣೆ. ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ. ಒಂದು ಆಯ್ಕೆ ಬದಲಾಯಿಸಬೇಕು ಅಷ್ಟೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವವರಿಗೆ 2019ರಿಂದ ವಿಂಡೋಸ್ ಹತ್ತರಲ್ಲೇ ಕನ್ನಡ ಫೊನೆಟಿಕ್ ಕೀಲಿಮಣೆ ಬಂದಿದೆ. ಏನೂ ಕೊಳ್ಳಬೇಕಾಗಿಲ್ಲ.

ಇನ್ನೊಬ್ಬರು ನಿವೃತ್ತ ಮೇಷ್ಟ್ರು. ತಮ್ಮ ಸೀಮೆಯ ನೇಗಿಲು, ನೊಗ, ಕೂರಿಗೆ, ಕುಂಟೆ, ಬಿತ್ತನೆ ಇವುಗಳ ಒಂದೊಂದು ಭಾಗಕ್ಕೂ ರೈತರು ಅನ್ನುವ ಮಾತುಗಳನ್ನು ವರ್ಷಾನುಗಟ್ಟಲೆ ಊರೂರು ಸುತ್ತಿ ಕೂಡಿಸಿದ್ದರು. ಇಪ್ಪತ್ತು ವರ್ಷದ ಹಿಂದೆ, ಬೀಗವಿದ್ದ ಒಂದು ತಂತ್ರಾಂಶದಲ್ಲಿ ಟೈಪು ಮಾಡಿಸಿದ್ದು. ಬೀಗವೆಂದರೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಒಂದು ತುಂಡು, ಅದಿದ್ದರೇ ತಂತ್ರಾಂಶ ನಡೆಯುವುದು. ಈಗಿನ ಕಂಪ್ಯೂಟರಿಗೆ ಅದನ್ನು ಸಿಕ್ಕಿಸುವ ಜಾಗವೇ ಇಲ್ಲ. ಎರಡು ಪೆನ್‌ಡ್ರೈವಿನಲ್ಲಿಟ್ಟಿದ್ದರು. ಒಂದು ಬೀರುವಿನಲ್ಲೇ ಸತ್ತಿತ್ತು. ಇದು ಬಹಳ ಜನರಿಗೆ ಗೊತ್ತಿಲ್ಲ. ಪೆನ್‌ಡ್ರೈವಿನಲ್ಲಿ ಅಕ್ಷರ ಕೆತ್ತಿರುವುದಿಲ್ಲ, ಸಣ್ಣ ಸಣ್ಣ ಗೂಡುಗಳಲ್ಲಿ ವಿದ್ಯುತ್ತಿನ ಕಣ ಹಿಡಿದಿಟ್ಟಿರುತ್ತಾರೆ. ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಅದು ಮೆಲ್ಲಗೆ ಸೋರುತ್ತದೆ. ಶಾಸನ ಕೆತ್ತಿದ ಕಲ್ಲಲ್ಲ ಅದು. ಇನ್ನೊಂದು ಕಡ್ಡಿ ಬದುಕಿತ್ತು, ಫೈಲೂ ಇತ್ತು, ಓದುವವರಿಲ್ಲ! ಕೊನೆಗೆ ಕೈಗೆ ಸಿಕ್ಕಿದ್ದು ಹಳೆಯ ಬಟರ್ ಪೇಪರಿನ ಮೇಲಿನ ಕರಡು. ಅದನ್ನು ನೋಡಿಕೊಂಡು ಅವರ ಮೊಮ್ಮಗಳು ಈಗ ಮೊಬೈಲಿನಲ್ಲಿ ಮತ್ತೆ ಟೈಪು ಮಾಡುತ್ತಿದ್ದಾಳೆ.

ಯಾರ ಮೇಲೆ ಸಿಟ್ಟು ಮಾಡೋಣ? ಮೊದಲು ನಮ್ಮ ಮುದ್ರಕರ ಮೇಲೆಯೇ ಮಾಡೋಣ. 2001ರಲ್ಲಿ ಬಂದ ಪೇಜ್‌ಮೇಕರ್ ಏಳನೆಯ ಆವೃತ್ತಿಯೇ ಕೊನೆಯದು, ಆಮೇಲೆ ಆ ಕಂಪನಿ ಅದನ್ನು ಮುಂದುವರಿಸಲಿಲ್ಲ. ಅದಕ್ಕೆ ಕನ್ನಡದ ಯೂನಿಕೋಡ್ ಅರ್ಥವಾಗುವುದಿಲ್ಲ. ಆದರೂ ಬೆಂಗಳೂರಿನಿಂದ ಬೀದರಿನವರೆಗೆ ಎಷ್ಟು ಪ್ರೆಸ್ಸುಗಳು ಇವತ್ತೂ ಅದರ ಮೇಲೇ ನಡೆಯುತ್ತಿವೆ! ಕೈ ಪಳಗಿದೆ, ಬೇಗ ಆಗುತ್ತದೆ, ಹಳೆಯ ಫಾಂಟುಗಳಲ್ಲಿ ತಲೆಬರಹಕ್ಕೆ ದಪ್ಪ ದಪ್ಪ ಚೆಂದದ ಅಕ್ಷರಗಳಿವೆ, ಯೂನಿಕೋಡಿನಲ್ಲಿ ಅಷ್ಟು ಬಗೆಯಿಲ್ಲ ಅನ್ನುತ್ತಾರೆ. ಇದರಲ್ಲಿ ಅರ್ಧ ನಿಜ. ತಲೆಬರಹದ ಅಕ್ಷರಗಳ ಬಡತನ ನಿಜವಾದ ಬಡತನ. ಹಾಗಿದ್ದರೆ ತಲೆಬರಹವನ್ನು ಹಳೆಯದರಲ್ಲಿ ಚಿತ್ರ ಮಾಡಿ ಕೂರಿಸಿ, ಒಡಲನ್ನು ಯೂನಿಕೋಡಿನಲ್ಲಿ ಕಟ್ಟಿ. ಇನ್‌ಡಿಸೈನ್ 2012ರ ಆವೃತ್ತಿಯಿಂದ ನಮ್ಮ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ. ದುಡ್ಡು ಹೆಚ್ಚಾಯಿತೆಂದರೆ ಸ್ಕ್ರೈಬಸ್ ಪುಕ್ಕಟೆ ಇದೆ. ನಮ್ಮಲ್ಲಿ ಪುಸ್ತಕದ ಕೆಲಸವೆಲ್ಲ ಯೂನಿಕೋಡಿನಲ್ಲೇ ನಡೆಯುತ್ತದೆ, ಅಚ್ಚೇನೂ ಕೆಟ್ಟಿಲ್ಲ.

ಆಮೇಲೆ ಕಚೇರಿಗಳು. ಆದೇಶ ಹೊರಡಿಸಿ ಹತ್ತು ವರ್ಷದ ಮೇಲಾದರೂ ಸಭೆಯ ನಡವಳಿ, ಸುತ್ತೋಲೆಗಳು ಹಳೆಯ ಫಾಂಟಿನಲ್ಲೇ ಕಡ್ಡಿಯಲ್ಲಿ ಬರುವುದುಂಟು. ಪಿಡಿಎಫ್ ಮಾಡಿದ್ದೇವಲ್ಲ ಅನ್ನುತ್ತಾರೆ. ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಸೇರಿಕೊಂಡು ಕಣ್ಣಿಗೆ ಕನ್ನಡ ಕಾಣುತ್ತದೆ, ಅಚ್ಚಿಗೂ ಸರಿ. ಆದರೆ ಅದರಲ್ಲಿ ‘ಕೆರೆ’ ಅಂತ ಹುಡುಕಿ ನೋಡಿ. ಇಡೀ ಕಡತ ಕೆರೆ ಒತ್ತುವರಿಯದ್ದೇ ಆಗಿದ್ದರೂ ಕಂಪ್ಯೂಟರು ಕೆರೆ ಇಲ್ಲ ಅನ್ನುತ್ತದೆ!

ಇನ್ನುಳಿದದ್ದು ನೀವು. ಹೋರಾಟಕ್ಕೆ ಬರುವ ಹುಡುಗರು. ಅಂಗಡಿಯ ಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದಿದಾಗ ನೀವೇ ಟೇಪು ಹಿಡಿದು ಅಳೆದಿರಿ. ಸಂತೋಷ. ಹಾಗೆಯೇ ಕಾರು ಕೊಳ್ಳುವಾಗ ಕಡ್ಡಿ ಚುಚ್ಚಿ ನೋಡಿದಿರಾ? ಕನ್ನಡದಲ್ಲಿ ಹೆಸರಿಟ್ಟ ಹಾಡುಗಳೆಲ್ಲ ಎಷ್ಟೋ ಕಾರುಗಳ ಸ್ಟೀರಿಯೊ ಪರದೆಯಲ್ಲಿ ಖಾಲಿ ಚೌಕ ಚೌಕಗಳಾಗಿ ಕಾಣುತ್ತವೆ. ಲಕ್ಷಾಂತರ ರೂಪಾಯಿ ಎಣಿಸುವ ಮೊದಲು “ಇದು ಕನ್ನಡ ತೋರಿಸುತ್ತಾ?” ಅಂತ ಒಬ್ಬನಾದರೂ ಕೇಳಿದ್ದರೆ ನನಗೆ ಹೇಳಿ. ಕೇಳುವವರಿಲ್ಲದ ಮೇಲೆ ಕಂಪನಿಯವನು ಯಾಕೆ ಹಾಕುತ್ತಾನೆ? ಅವನಿಗೆ ಕನ್ನಡದ ಮೇಲೆ ದ್ವೇಷವೂ ಇಲ್ಲ, ಪ್ರೀತಿಯೂ ಇಲ್ಲ. ಲೆಕ್ಕ ಮಾತ್ರ ಇದೆ.

ಪೆನ್‌ಡ್ರೈವಿಗೇ ಕನ್ನಡದ ಹೆಸರಿಟ್ಟು ನೋಡಿ, ಒಂದು ತಮಾಷೆ ಕಾಣುತ್ತೀರಿ. ಅಂಗಡಿಯಿಂದ ಬರುವ ಸಣ್ಣ ಪೆನ್‌ಡ್ರೈವುಗಳು ಸಾಮಾನ್ಯವಾಗಿ ಫ್ಯಾಟ್32 ಎನ್ನುವ ಹಳೆಯ ಕಟ್ಟಿನಲ್ಲಿರುತ್ತವೆ. 4 ಜಿಬಿಗಿಂತ ದೊಡ್ಡ ಫೈಲನ್ನು ಬೇಡ ಅನ್ನುತ್ತದಲ್ಲ, ಅದೇ. ಆ ಕಟ್ಟಿನಲ್ಲಿ ಒಳಗಿನ ಫೈಲುಗಳಿಗೆ ಕನ್ನಡದ ಹೆಸರು ಧಾರಾಳವಾಗಿ ಇಡಬಹುದು. ಆದರೆ ಕಡ್ಡಿಗೇ ಕನ್ನಡದ ಹೆಸರು ಇಡಲು ಹೋದರೆ ಒಪ್ಪುವುದಿಲ್ಲ. ಆ ಪಟ್ಟಿಯ ಜಾಗ ಹಳೆಯ ಡಾಸ್ ಕಾಲದ್ದು, ಅಲ್ಲಿ ಕನ್ನಡಕ್ಕೆ ಮನೆಯೇ ಇಲ್ಲ. ಎಕ್ಸ್‌ಫ್ಯಾಟ್ ಎನ್ನುವ ಕಟ್ಟಿಗೆ ಬದಲಾಯಿಸಿದರೆ ಒಪ್ಪುತ್ತದೆ, ಹನ್ನೊಂದು ಗುರುತುಗಳವರೆಗೆ. ನಮ್ಮಲ್ಲಿ ಒತ್ತು, ಗುಣಿತ ಎಲ್ಲವೂ ಒಂದೊಂದು ಗುರುತಾಗಿ ಲೆಕ್ಕಕ್ಕೆ ಬರುತ್ತವೆ. ‘ಮುದ್ರಣಾಲಯ’ಕ್ಕೆ ಒಂಬತ್ತು, ಹಿಡಿಸಿತು. ನನ್ನ ಕಡ್ಡಿಯ ಹೆಸರು ಅದೇ. ಬದಲಾಯಿಸುವ ಮೊದಲು ಒಳಗಿರುವುದನ್ನೆಲ್ಲ ಬೇರೆ ಕಡೆ ತೆಗೆದಿಟ್ಟುಕೊಳ್ಳಿ, ಎಲ್ಲ ಅಳಿಸಿಹೋಗುತ್ತದೆ. ಹಳೆಯ ಟಿವಿ, ಹಳೆಯ ಸ್ಟೀರಿಯೊಗಳು ಎಕ್ಸ್‌ಫ್ಯಾಟ್ ಓದದೇ ಇರಬಹುದು, ಅದೂ ನೆನಪಿರಲಿ.

ಈ ಸಲ ರಾಜ್ಯೋತ್ಸವದ ಕರಪತ್ರಕ್ಕೆ ಬರುವವರು ದಯವಿಟ್ಟು ಒಂದು ವಾರ ಮೊದಲು ಬನ್ನಿ. ಕಡ್ಡಿಯಲ್ಲಿ ಎರಡು ಫೈಲಿರಲಿ. ಅಚ್ಚಿಗೆ ಒಂದು ಪಿಡಿಎಫ್, ಅದರ ಜೊತೆ ಅದೇ ಮಾತುಗಳ ಯೂನಿಕೋಡ್ ಫೈಲು ಒಂದು. ಎರಡಕ್ಕೂ ಕನ್ನಡದಲ್ಲೇ ಹೆಸರು, ಜೊತೆಗೆ ತಾರೀಖು. ‘ಫೈನಲ್ ಫೈನಲ್’ ಬೇಡ. ಕೋರೆಲ್‌ನಲ್ಲಿ ಮಾಡಿದ್ದರೆ ಕರ್ವ್ಸ್ ಮಾಡಿದ ಪ್ರತಿ ಒಂದು, ಮಾಡದ ಪ್ರತಿ ಒಂದು ತನ್ನಿ. ಕರ್ವ್ಸ್ ಮಾಡಿದ ಮೇಲೆ ಅಲ್ಲಿ ಅಕ್ಷರವಿರುವುದಿಲ್ಲ, ಬರೀ ಗೆರೆ. ಆಮೇಲೆ ಅಧ್ಯಕ್ಷರ ಹೆಸರಿಗೆ ಒತ್ತು ಬಿಟ್ಟುಹೋಗಿದೆ ಅಂತ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದರೆ ದೇವರೇ ಬಂದರೂ ತಿದ್ದಲಾಗದು. ಹೋಗುವಾಗ ಕಡ್ಡಿ ಮರೆಯದೆ ತೆಗೆದುಕೊಂಡು ಹೋಗಿ. ಹೋದ ನವೆಂಬರಿನಲ್ಲಿ ಬಿಟ್ಟುಹೋದ ಹನ್ನೊಂದು ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿವೆ. ಅದರಲ್ಲಿ ಒಂದು ಭುವನೇಶ್ವರಿಯ ಚಿತ್ರ ಅಂಟಿಸಿದ್ದು, ಹೆಸರು ‘ನ್ಯೂ ವಾಲ್ಯೂಮ್’.